ಬಿಳಿ ಚೀಟಿ

ಮೊದಲೇ ಹೇಳಿಬಿಡುತ್ತೇನೆ, ಕಳ್ಳ ನಾನು.
ಕದ್ದದ್ದು ಪ್ಲೇಟನ್ನಲ್ಲ.
ಅದಕ್ಕೆ ಹನ್ನೆರಡು ಪೆನ್ನಿ ಎಣಿಸಿ ಕೊಟ್ಟಿದ್ದೇನೆ, ರಸೀದಿ ಇದೆ.

ಸ್ಟೋಕ್ ಊರಿನ ಪಿಂಗಾಣಿ ಕಾರ್ಖಾನೆಯಲ್ಲಿ
ವಾರವೆಲ್ಲ ಬಟ್ಟಲುಗಳಿಗೆ ಹಿಡಿ ಅಂಟಿಸುತ್ತಿದ್ದವನು
ಶನಿವಾರ ರಾತ್ರಿ, ಮುಚ್ಚಿಹೋದ ಟಾಕೀಸಿನಲ್ಲಿ
ಪ್ಲೇಟು ತಿರುಗಿಸುತ್ತಿದ್ದೆ.
ಹಗಲು ತಲೆಗೂದಲಿಗೆ ಜೇಡಿಯ ಬಿಳಿ,
ರಾತ್ರಿ ಬೂಟಿನಡಿಗೆ ಟಾಲ್ಕಮ್ ಪುಡಿಯ ಬಿಳಿ.
ಹೆಂಡವಿಲ್ಲ. ಬೆಳಕು ಹರಿಯುವ ತನಕ ಬರೀ ಕುಣಿತ.
ನಾನೂರು ಹುಡುಗರು, ಒಬ್ಬರಿಗೊಬ್ಬರು ತಾಗದೆ,
ಚಾಟಿ ಬಿಚ್ಚಿದ ಬುಗುರಿಗಳು.

ಆ ಹಾಡುಗಳೆಲ್ಲ ಅಮೆರಿಕದಲ್ಲಿ ಸೋತವು.
ಅಲ್ಲಿ ಸೋತದ್ದೇ ಇಲ್ಲಿ ನಮಗೆ ಬೇಕಿತ್ತು.
ಹಡಗಿನ ತಳಕ್ಕೆ ಭಾರವಿರಲಿ ಎಂದು
ಮರಳಿನ ಬದಲು ತುಂಬಿ ತರುತ್ತಿದ್ದರಂತೆ.
ನಂಬುವುದು ನಿಮಗೆ ಬಿಟ್ಟದ್ದು.

ಅಂಥದೊಂದು ಪೆಟ್ಟಿಗೆಯ ಅಡಿಯಲ್ಲಿ
ಇಲಿ ಕಡಿದ ಲಕೋಟೆಯೊಳಗೆ ಸಿಕ್ಕಳು
ವರ್ಲೀನ್ ಗ್ಯಾಡಿಸ್. ಟೊಲೀಡೊ, ಒಹಾಯೊ.
ಲೇಬಲ್ಲಿನ ಮೇಲೆ ಸೊಟ್ಟ ಕತ್ತಿನ ಒಂದು ಬಾತುಕೋಳಿ.
ಎರಡು ನಿಮಿಷ ಹದಿನೇಳು ಸೆಕೆಂಡು.
ಮೊದಲು ಡ್ರಮ್ಮು: ಯಾರೋ ಮೆಟ್ಟಿಲನ್ನು
ಎರಡೆರಡಾಗಿ ಹಾರಿ ಇಳಿದ ಹಾಗೆ.
ಆಮೇಲೆ ಅವಳು. ಹೊಸ್ತಿಲಲ್ಲಿ ನಿಂತು
ಒಳಗಿದ್ದವನನ್ನು ಹೊರಗೆ ಕರೆದ ದನಿ.
ಒಂದೂವರೆ ನಿಮಿಷದ ಹತ್ತಿರ
ಡ್ರಮ್ಮಿನವನ ಸ್ಟೂಲು ಕಿರ್ರೆನ್ನುತ್ತದೆ.
ಯಾರೂ ಅಳಿಸಿಲ್ಲ. ಎರಡನೇ ಸಲ ಹಾಡಿಸಲು ದುಡ್ಡಿರಲಿಲ್ಲವೇನೋ.

ನಮ್ಮಲ್ಲೊಂದು ರೂಢಿಯಿತ್ತು.
ಒಬ್ಬನ ಬಳಿ ಮಾತ್ರ ಇರುವ ಪ್ಲೇಟಿನ ಹೆಸರು
ಇನ್ನೊಬ್ಬನ ಕಣ್ಣಿಗೆ ಬೀಳಬಾರದು.
ಬಿಳಿ ಚೀಟಿಗೆ ಅಂಟು ಸವರಿ ಅವಳ ಮೇಲೆ ಒತ್ತಿದೆ,
ಮೇಲೆ ಬರೆದೆ: ರೂಬಿ ಆಶ್‌ಬರ್ನ್.
ಬಾಯಿಗೆ ಬಂದದ್ದು, ಅಷ್ಟೆ.

ಇಲ್ಲದ ರೂಬಿಗೆ ನಾಡೆಲ್ಲ ಕುಣಿಯಿತು.
ಬರ್ನ್ಲಿಯ ಒಬ್ಬ ಬಸ್ ಕಂಡಕ್ಟರ್
ತೋಳಿನ ಮೇಲೆ ಅವಳ ಹೆಸರು ಹಚ್ಚೆ ಹಾಕಿಸಿಕೊಂಡ.
ನನಗೆ ತೋರಿಸಿದ. ಚೆನ್ನಾಗಿದೆ ಅಂದೆ.

ಕಾರ್ಖಾನೆ ನಿಂತಿತು. ಮಂಡಿ ಸವೆದು ಕುಣಿತವೂ.
ಮಂಡಿ ಮಡಚಲಾರದವನಿಗೆ ರಾತ್ರಿ ಬಹಳ ಉದ್ದ.
ಟೊಲೀಡೊ ಡೈರೆಕ್ಟರಿಯ ಮೂವತ್ತೊಂದು ಗ್ಯಾಡಿಸ್‌ಗಳಿಗೆ
ಒಬ್ಬೊಬ್ಬರಿಗೇ ಫೋನು ಮಾಡಿದೆ.
ಸಾಲ ವಸೂಲಿಯವನೆಂದು ಬೈದವರು ಒಂಬತ್ತು.
ಒಬ್ಬಾತ ತನ್ನ ನಾಯಿಯ ಕಾಯಿಲೆಯನ್ನು
ನಲವತ್ತು ನಿಮಿಷ ಹೇಳಿದ, ಕೇಳಿಸಿಕೊಂಡೆ.
ವರ್ಲೀನ್? ಗೊತ್ತಿಲ್ಲ. ಮದುವೆಯಾಗಿ ಹೆಸರು ಬದಲಾಗಿರಬೇಕು.
(ಬದಲಾಯಿಸಿದವರಲ್ಲಿ ನಾನೇ ಮೊದಲಿಗ.)

ಕೊನೆಗೆ ದಾರಿ ತೋರಿಸಿದ್ದು ಪ್ಲೇಟೇ.
ಹಾಡು ಮುಗಿದು ಸೂಜಿ ಸುಮ್ಮನೆ ಸುತ್ತುವ
ಆ ಕರಿಯ ಬಯಲಿನಲ್ಲಿ
ಮೊಳೆಯಿಂದ ಗೀಚಿದ ಎರಡಕ್ಷರ: ಓ, ಜಿ.
ಶವಸಂಸ್ಕಾರದ ಅಂಗಡಿಯ ಮುದುಕ ಫೋನಿನಲ್ಲಿ
ಲೆಡ್ಜರ್ ಮಗುಚಿದ್ದು ಕೇಳಿಸಿತು.
"ಓಥಾ ಗ್ಯಾಡಿಸ್. ಗಾಜಿನ ಕುಲುಮೆಯಲ್ಲಿದ್ದ. ಇಪ್ಪತ್ತೆರಡು.
ಹೂವಿನ ಬಿಲ್ಲು ಕಟ್ಟಿದ್ದು ಅಕ್ಕ."

ಅಕ್ಕನ ಮನೆ ನದಿಯ ಪೂರ್ವದಂಡೆಯಲ್ಲಿ.
ಮೂವತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿ
ಬೀನ್ಸ್ ಬಡಿಸಿದ ಕೈ.
ತನ್ನ ಪಾಲಿನ ಪ್ಲೇಟುಗಳು
ನೆಲಮಾಳಿಗೆಗೆ ನೀರು ನುಗ್ಗಿದ ವರ್ಷ
ಕಸದ ಲಾರಿ ಹತ್ತಿದವಂತೆ.
ಗ್ರಾಮಾಫೋನೂ ಇಲ್ಲ, ಕೊಳ್ಳುವ ಆಸೆಯೂ ಇಲ್ಲ.

ನನ್ನದನ್ನು ಅವಳ ಮಡಿಲಿಗಿಟ್ಟೆ.
"ಯಾರಿವಳು, ರೂಬಿ?"
ಹೇಳಿದೆ. ಎಲ್ಲವನ್ನೂ. ಹಚ್ಚೆಯವನನ್ನೂ ಬಿಡದೆ.
ಹಚ್ಚೆಗೆ ಮಾತ್ರ ನಕ್ಕಳು.

ಆಮೇಲೆ ಉಗುರಿನಿಂದ ಚೀಟಿಯ ಅಂಚನ್ನೆಬ್ಬಿಸಿ
ಎಳೆದಳು. ಬಾಯಿಬಿಡಲಿಲ್ಲ ನಾನು.
ಹಳೆಯ ಅಂಟು, ಹಟಮಾರಿ.
ಗ್ಯಾಡಿಸ್ ಉಳಿಯಿತು, ಅರ್ಧ ಬಾತುಕೋಳಿ ಉಳಿಯಿತು.
ವರ್ಲೀನ್ ಮಾತ್ರ ಚೀಟಿಯ ಬೆನ್ನಿಗಂಟಿ ಕಿತ್ತುಬಂತು,
ಕನ್ನಡಿಯೊಳಗಿನ ಬರಹದಂತೆ ತಿರುಗುಮುರುಗು.

ಅವಳು ಅತ್ತ ನೋಡಲೇ ಇಲ್ಲ.
ಕಿಟಕಿಯ ಬೆಳಕಿಗೆ ಪ್ಲೇಟು ಓರೆಯಾಗಿ ಹಿಡಿದು
ಹೆಬ್ಬೆರಳಿನಿಂದ ಆ ಎರಡಕ್ಷರ ಹುಡುಕಿದಳು,
ಸಿಕ್ಕಮೇಲೆ ಬೆರಳನ್ನು ಅಲ್ಲೇ ಬಿಟ್ಟಳು.

"ಸ್ಟೂಲು ಕೇಳಿಸುತ್ತಾ ಈಗಲೂ?"
ಕೇಳಿಸುತ್ತೆ.
"ಎಣ್ಣೆ ಬಿಡೋ ಅಂದಿದ್ದೆ ಅವನಿಗೆ,
ಬೆಳಿಗ್ಗೆಯೇ ಅಂದಿದ್ದೆ."